ಹೆಂಡತಿ ಓಡಿಸಿದಾಗ ಮಾತ್ರ ಹೊತ್ತುತ್ತಿದ್ದ ದೀಪ

ನಾಸಿಕದ ಹತ್ತಿರದ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ನನ್ನದು ತಪಾಸಣೆಯ ಕೆಲಸ. ಬೇರೆಯವರು ಜೋಡಿಸಿದ ಪೈಪು, ಕವಾಟ, ಬೋಲ್ಟುಗಳನ್ನು ಟಾರ್ಚು ಹಿಡಿದು ನೋಡುವುದು, ಎಲ್ಲ ಸರಿಯಿದ್ದರೆ ಕಾಗದದ ಮೇಲೆ ನನ್ನ ಮುದ್ರೆ ಒತ್ತುವುದು. ಗದಗಿನಿಂದ ಬಂದು ಕಾರ್ಖಾನೆಯ ಕಾಲೋನಿಯಲ್ಲಿ ನೆಲೆಸಿ ಹದಿನೈದು ವರ್ಷವಾಗಿತ್ತು. ಎಚ್ಚರಿಕೆಯ ದೀಪಗಳ ನಡುವೆಯೇ ಸಂಬಳ ಎಣಿಸಿದವನು ನಾನು. ಅಂಥವನನ್ನು ಸ್ವಂತ ಕಾರಿನ ಒಂದು ಹಳದಿ ದೀಪ ಎಂಟು ತಿಂಗಳು ಕುಣಿಸಿತೆಂದು ಕಾಲೋನಿಯ ಹಳೆಯ ಗೆಳೆಯರು ಈಗಲೂ ನಗುತ್ತಾರೆ. ನಗಲಿ, ಅದೇನು ಸುಳ್ಳಲ್ಲ.

ಕಾರು ಕೊಳ್ಳುವ ವಿಚಾರ ಬಂದದ್ದು ಹೆಂಡತಿಯ ವರ್ಗಾವಣೆಯಿಂದ. ಅವಳು ಧಾರವಾಡದ ಕಡೆಯವಳು, ಬ್ಯಾಂಕಿನಲ್ಲಿ ಅಧಿಕಾರಿ. ನಾಸಿಕದ ಶಾಖೆಯಲ್ಲಿ ಹಾಯಾಗಿದ್ದವಳನ್ನು ಒಂದು ಬೇಸಿಗೆಯಲ್ಲಿ ಸಂಭಾಜಿನಗರಕ್ಕೆ ಹಾಕಿದರು. ಆಗಿನ್ನೂ ಬೋರ್ಡುಗಳ ಮೇಲೆ ಔರಂಗಾಬಾದ್ ಎಂದೇ ಇತ್ತು, ಬಸ್ಸಿನ ಕಂಡಕ್ಟರುಗಳು ಮಾತ್ರ ಆಗಲೇ ಸಂಭಾಜಿನಗರ ಎಂದು ಕೂಗುತ್ತಿದ್ದರು. ಅವಳು ಅಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದಳು. ಯೇವಲೆ, ವೈಜಾಪುರ ದಾಟಿ ಹೋಗುವ ಕೆಂಪು ಬಸ್ಸಿನಲ್ಲಿ ನಾಲ್ಕು ತಿಂಗಳು ಓಡಾಡಿ ಇಬ್ಬರ ಸೊಂಟವೂ ಸಡಿಲವಾದ ಮೇಲೆ, ಹಳೆಯದಾದರೂ ಸರಿ, ಒಂದು ಡೀಸೆಲ್ ಕಾರು ನೋಡೋಣವೆಂದು ಹೊರಟೆವು.

ಸಿಕ್ಕ ಕಾರು ನಾಸಿಕದ ಒಬ್ಬ ತರುಣನದು. ಅವನಿಗೆ ಗಾಡಿಗಳ ಹುಚ್ಚು. ಕಂಪನಿ ಕೊಟ್ಟ ಸೈಲೆನ್ಸರ್ ಕಿತ್ತು ಮೊಣಕೈ ದಪ್ಪದ ಕೊಳವೆ ಹಾಕಿಸಿದ್ದ. ಗಾಳಿಯ ಫಿಲ್ಟರಿನ ಡಬ್ಬಿ ತೆಗೆದು ಬರಿಯ ಕೆಂಪು ಶಂಕು ಕೂರಿಸಿದ್ದ. ಇಂಜಿನ್ನಿನ ಕಂಪ್ಯೂಟರಿಗೆ ಯಾರಿಂದಲೋ ಬೇರೆ ಪ್ರೋಗ್ರಾಮ್ ತುಂಬಿಸಿ ಡೀಸೆಲ್ಲೂ ಟರ್ಬೋದ ಒತ್ತಡವೂ ಹೆಚ್ಚುವಂತೆ ಮಾಡಿದ್ದ. ನಮ್ಮಿಬ್ಬರನ್ನೂ ಕೂರಿಸಿಕೊಂಡು ಮುಂಬಯಿ ರಸ್ತೆಯಲ್ಲಿ ಒಮ್ಮೆ ಪೆಡಲ್ ಒತ್ತಿದ. ನನ್ನ ಕನ್ನಡಕ ಕಿವಿಯಿಂದ ಜಾರಿತು.

ಹಿಂದಿನ ಸೀಟಿನಿಂದ ಹೆಂಡತಿ, "ಏನ್ರೀ, ಇದು ಕಾರೋ ನಿಮ್ಮ ಕಾರ್ಖಾನ್ಯಾಗಿಂದ ಬಿಟ್ಟ ವಿಮಾನೋ?" ಎಂದಳು.

"ಇಷ್ಟು ಪ್ರೀತಿಯಿಂದ ಮಾಡಿಸಿ ಯಾಕೆ ಮಾರುತ್ತಿದ್ದೀಯಪ್ಪ?" ಎಂದು ಕೇಳಿದೆ. ಅವನು ನಾಚಿಕೊಂಡ. ಮದುವೆ ಗೊತ್ತಾಗಿದೆ, ಹುಡುಗಿಯನ್ನು ನೋಡಲು ಹೋದಾಗ ಗಾಡಿಯ ಸದ್ದಿಗೆ ಅವರ ಓಣಿಯೆಲ್ಲ ಬಾಗಿಲಿಗೆ ಬಂತು, ಮಾವನಾಗುವವರು ಅಂದಿನಿಂದ ಮುಖ ಸಡಿಲಿಸಿಲ್ಲ ಎಂದ. ಕಾರಿನ ಮೈಮೇಲೆ ಒಂದು ಗೀರೂ ಇರಲಿಲ್ಲ. ಕಿತ್ತಿಟ್ಟ ಹಳೆಯ ಭಾಗಗಳನ್ನೆಲ್ಲ ಗೋಣಿಚೀಲದಲ್ಲಿ ಹಾಕಿ ಅವನೇ ಡಿಕ್ಕಿಗೆ ಏರಿಸಿದ. ಕಾರು ನಮ್ಮದಾಯಿತು.

ಕಾಲೋನಿಗೆ ತಂದ ದಿನವೇ ಗೇಟಿನ ಕಾವಲುಗಾರ ಕಿವಿ ಮುಚ್ಚಿಕೊಂಡು ಸೆಲ್ಯೂಟ್ ಹೊಡೆದ. ಹೊಗೆ ತಪಾಸಣೆಯವನು ಕಪ್ಪು ಮೋಡ ನೋಡಿ ಯಂತ್ರವನ್ನೇ ಆಫ್ ಮಾಡಿದ. ಆ ತಿಂಗಳೇ ನಾನು ಗೋಣಿಚೀಲ ಬಿಚ್ಚಿದೆ. ಹಳೆಯ ಸೈಲೆನ್ಸರ್ ಬಂತು, ಫಿಲ್ಟರಿನ ಡಬ್ಬಿ ಬಂತು. ನಾಸಿಕದ ಒಂದು ಗ್ಯಾರೇಜಿನಲ್ಲಿ ಕಂಪ್ಯೂಟರಿಗೆ ಕಂಪನಿಯ ಮೂಲ ಪ್ರೋಗ್ರಾಮನ್ನೇ ಮತ್ತೆ ತುಂಬಿಸಿದೆ. ಕಾರು ಬುದ್ಧಿ ಬಂದ ಹುಡುಗನಂತೆ ಮೆತ್ತಗಾಯಿತು. ಒಂದೊಂದನ್ನೂ ನೋಡಿ ಮೊದಲಿನಂತೆ ಮಾಡಿದೆನೆಂದು ಹೆಮ್ಮೆಪಟ್ಟೆ. ಕಾರ್ಖಾನೆಯಲ್ಲಾಗಿದ್ದರೆ ಮುದ್ರೆಯನ್ನೇ ಒತ್ತಿಬಿಡುತ್ತಿದ್ದೆ.

ನಮ್ಮ ಓಡಾಟದ ಕ್ರಮ ಹೀಗಿತ್ತು. ಹದಿನೈದು ದಿನಕ್ಕೊಮ್ಮೆ ಶನಿವಾರ ಅವಳು ಬಸ್ಸಿನಲ್ಲಿ ಓಝರ್‌ಗೆ ಬರುವಳು. ಭಾನುವಾರ ಇಬ್ಬರೂ ಕಾರಿನಲ್ಲಿ ಸಂಭಾಜಿನಗರಕ್ಕೆ ಹೋಗುವೆವು. ಸೋಮವಾರ ಬೆಳಿಗ್ಗೆ ನಾನೊಬ್ಬನೇ ಹಿಂದಿರುಗಿ ಎರಡನೇ ಪಾಳಿಗೆ ಹಾಜರಾಗುವೆ. ಹೋಗುವಾಗ ಯೇವಲೆಯವರೆಗೆ ನಾನು ಓಡಿಸುವುದು, ಅಲ್ಲಿ ಚಹಾ ಕುಡಿದು ಮುಂದೆ ಅವಳು.

ಪ್ರೋಗ್ರಾಮ್ ಬದಲಿಸಿದ ಮೇಲಿನ ಮೊದಲ ಭಾನುವಾರ, ಯೇವಲೆ ದಾಟಿ ಅರ್ಧ ಗಂಟೆಯಾಗಿರಬೇಕು. ನನಗೆ ಜೊಂಪು ಹತ್ತಿತ್ತು.

"ಇಲ್ನೋಡ್ರಿ, ಒಂದು ಹೆಲಿಕಾಪ್ಟರ್ ಬಂತು," ಎಂದಳು ಹೆಂಡತಿ.

ಕಾಲೋನಿಯ ಅಭ್ಯಾಸದಿಂದ ನಾನು ಆಕಾಶ ನೋಡಿದೆ. ಅವಳು ತೋರಿಸುತ್ತಿದ್ದುದು ಸ್ಟಿಯರಿಂಗ್ ಹಿಂದಿನ ಮೀಟರುಗಳನ್ನು. ಅಲ್ಲಿ ಇಂಜಿನ್ನಿನ ಆಕಾರದ ಹಳದಿ ದೀಪ ಹೊತ್ತಿಕೊಂಡಿತ್ತು. ಸರಿಯಾಗಿ ನೋಡಿದರೆ ಅದು ಹೆಲಿಕಾಪ್ಟರಿನಂತೆಯೇ ಇದೆ. ಆವತ್ತಿನಿಂದ ಅದಕ್ಕೆ ನಮ್ಮಲ್ಲಿ ಅದೇ ಹೆಸರು.

ಗ್ಯಾರೇಜಿನವರು ತಮ್ಮ ಸ್ಕ್ಯಾನರ್ ಹಚ್ಚಿ ಓದಿ ಹೇಳಿದರು: ಪಿ ಸೊನ್ನೆ ನಾಲ್ಕು ಸೊನ್ನೆ ಒಂದು. ಇಂಜಿನ್ನು ತನ್ನ ದೋಷವನ್ನು ಹೀಗೆ ಅಂಕಿಯಲ್ಲಿ ಹೇಳುತ್ತದೆ. ಇಂಜಿನ್ ಹೊರಬಿಟ್ಟ ಹೊಗೆಯಲ್ಲಿ ಒಂದಿಷ್ಟನ್ನು ಒಂದು ಪೈಪು ಹಿಡಿದು ಮತ್ತೆ ಇಂಜಿನ್ನಿಗೇ ತರುತ್ತದೆ. ಎಷ್ಟು ತರಬೇಕು, ಯಾವಾಗ ತರಬೇಕು ಎಂದು ಒಂದು ಕವಾಟ ತೆರೆದು ಮುಚ್ಚಿ ನಿಭಾಯಿಸುತ್ತದೆ. ಹಾಗೆ ಬೆರೆಸಿದರೆ ಒಳಗಿನ ಬೆಂಕಿಯ ಕಾವು ತುಸು ಇಳಿದು, ಊರಿನ ಗಾಳಿಗೆ ಸೇರುವ ವಿಷ ಕಡಿಮೆಯಾಗುತ್ತದೆ. ನಮ್ಮ ಕಾರಿನ ಅಂಕಿಯ ಅರ್ಥ, ಹಾಗೆ ಬರಬೇಕಾದಷ್ಟು ಹೊಗೆ ಬರುತ್ತಿಲ್ಲ ಎಂದು.

ಇದನ್ನು ಫೋನಿನಲ್ಲಿ ವಿವರಿಸಿದಾಗ ಹೆಂಡತಿ, "ಅಂದ್ರ ತಾ ಬಿಟ್ಟ ಉಸಿರು ತಾನ ತಗೋಬೇಕೇನು ಅದು? ಪಾಪ, ಅದಕ್ಕ ಒಲ್ಲೆ ಅನ್ನಾಕತ್ತೈತಿ," ಎಂದಳು.

ಗ್ಯಾರೇಜಿನವರು ಕವಾಟ ಬಿಚ್ಚಿ ಮಸಿ ತೊಳೆದರು. ಹದಿನೈದು ದಿನಕ್ಕೆ ಹೆಲಿಕಾಪ್ಟರ್ ಮತ್ತೆ ಬಂತು. ಕವಾಟ ಎಳೆಯುವ ರಬ್ಬರಿನ ನಳಿಕೆ ಬದಲಿಸಿದರು. ಮತ್ತೆ ಬಂತು. ಕೊನೆಗೆ ಕವಾಟವನ್ನೇ ಹೊಸದು ಹಾಕಿದರು, ಗ್ಯಾರೇಜಿನ ಮಾಲೀಕ ತಾನೇ ಓಡಿಸಿ ನೋಡಿ "ಆತಾ ಟೆನ್ಶನ್ ನಾಹೀ," ಇನ್ನು ಚಿಂತೆಯಿಲ್ಲ, ಎಂದು ಕೀಲಿ ಕೊಟ್ಟ. ಮುಂದಿನ ಭಾನುವಾರ ವೈಜಾಪುರದ ಹತ್ತಿರ ಹೆಲಿಕಾಪ್ಟರ್ ಬಂದಿಳಿಯಿತು. ನಾನು ಅಂಗೈಯಗಲದ ಒಂದು ಸ್ಕ್ಯಾನರ್ ತರಿಸಿಕೊಂಡೆ. ಅದನ್ನು ಕಾರಿಗೆ ಚುಚ್ಚಿದರೆ ಮೊಬೈಲಿನಲ್ಲಿ ಅಂಕಿ ಕಾಣುತ್ತಿತ್ತು, ಅಳಿಸಲೂ ಬರುತ್ತಿತ್ತು. ಅದು ಪ್ರತಿ ಸಲವೂ ಅದೇ ಅಂಕಿ ತೋರಿಸುವುದು, ನಾನು ಪ್ರತಿ ಸಲವೂ ಅಳಿಸುವುದು.

ಪಕ್ಕದ ಕ್ವಾರ್ಟರಿನಲ್ಲಿ ಬಾಗಲಕೋಟೆಯ ಹಿರಿಯರೊಬ್ಬರಿದ್ದರು, ಕಾರ್ಖಾನೆಯಲ್ಲಿ ಫೋರ್‌ಮನ್. ನಾನು ಬಾನೆಟ್ ಎತ್ತಿದೊಡನೆ ಹಲ್ಲುಜ್ಜುತ್ತ ಬಂದು ನಿಲ್ಲುತ್ತಿದ್ದರು.

"ಗಾಡಿ ಓಡಾಕ ಏನರೆ ತ್ರಾಸ ಐತೇನ್ರಿ?" ಎಂದು ಕೇಳಿದರು ಒಂದು ದಿನ.

"ಇಲ್ರಿ."

"ಮತ್ತ ಆ ಬಲ್ಬ್ ತಗದು ಒಗೀರಿ. ಬಲ್ಬ್ ಇಲ್ಲಂದ್ರ ಚಿಂತಿನೂ ಇಲ್ಲ."

"ಛೇ, ಏನ್ರೀ ಸಾಹೇಬ್ರ, ತಪಾಸಣಿಯಾಂವ ನಾನು," ಎಂದು ನಾನು ದೊಡ್ಡ ಮಾತಾಡಿದೆ. ಎಚ್ಚರಿಕೆಯ ದೀಪ ಎಂದರೆ ಏನು, ಅದನ್ನು ಆರಿಸುವುದು ಎಷ್ಟು ದೊಡ್ಡ ತಪ್ಪು ಎಂದು ಅವರಿಗೇ ಪಾಠ ಹೇಳಿದೆ. ಅವರು ಬಾಯಿ ಮುಕ್ಕಳಿಸಿ ಹೋದರು.

ಎರಡು ವಾರದ ಮೇಲೆ ನಾನೇನು ಮಾಡಿದೆ ಎಂಬುದನ್ನು ಬರೆಯದೆ ಬಿಡಬಹುದಿತ್ತು. ಆದರೆ ಹೆಂಡತಿ ಇದನ್ನು ಓದುತ್ತಾಳೆ. ಕರಿಯ ಇನ್ಸುಲೇಶನ್ ಟೇಪಿನ ಒಂದು ಚೂರನ್ನು ಉಗುರಿನಷ್ಟೇ ಕತ್ತರಿಸಿ, ಆ ದೀಪದ ಮೇಲೆ ಗಾಜಿಗೆ ಅಂಟಿಸಿದೆ. ಬಹಳ ಅಚ್ಚುಕಟ್ಟಾಗಿ ಅಂಟಿಸಿದ್ದೆ, ಅಂಚು ಕೂಡ ಎದ್ದಿರಲಿಲ್ಲ. ಯೇವಲೆಯಲ್ಲಿ ಚಹಾ ಮುಗಿಸಿ ಅವಳು ಚಾಲಕನ ಸೀಟಿಗೆ ಬಂದು ಬೆಲ್ಟ್ ಹಾಕಿಕೊಂಡವಳು ಮೀಟರನ್ನೇ ದಿಟ್ಟಿಸಿದಳು. ಆಮೇಲೆ ನನ್ನನ್ನು ದಿಟ್ಟಿಸಿದಳು.

"ಇದೇನ್ರಿ?"

"ಸುಮ್ನ... ಕಣ್ಣಿಗೆ ಹೊಡೀತಿತ್ತು."

"ಅಲ್ಲಾ, ಕಾರ್ಖಾನ್ಯಾಗೂ ಹಿಂಗ ಮಾಡ್ತೀರೇನ್ರಿ? ಹೇಳಿಬಿಡ್ರಿ, ವಿಮಾನ ಹತ್ತೂದು ಬಿಡ್ತೀನಿ."

ನಾನು ಕೈ ಚಾಚಿ ಟೇಪು ಕಿತ್ತೆ. ಅದು ಸುಲಭವಾಗಿ ಬರಲಿಲ್ಲ, ಉಗುರಿನಿಂದ ಕೆರೆಯಬೇಕಾಯಿತು. ಕೆರೆದು ಮುಗಿಯುವವರೆಗೆ ಅವಳು ಕೈಕಟ್ಟಿ ಕಾದಳು.

ಆ ಅವಮಾನದಿಂದಲೋ ಏನೋ, ಅಂದೇ ನನ್ನ ತಲೆಗೆ ಒಂದು ಹೊಸ ವಿಚಾರ ಹೊಳೆಯಿತು. ಈ ದೀಪ ಯಾವಾಗಲೂ ಯೇವಲೆ ದಾಟಿದ ಮೇಲೆಯೇ ಹೊತ್ತುತ್ತಿತ್ತು. ಅಂದರೆ ಅವಳು ಓಡಿಸುವಾಗ. ಸೋಮವಾರ ಅದೇ ದಾರಿಯಲ್ಲಿ ನಾನು ಹಿಂದಿರುಗುವಾಗ ಒಂದು ಸಲವೂ ಬಂದದ್ದಿಲ್ಲ. ಗ್ಯಾರೇಜಿನವನ ಕೈಯಲ್ಲೂ ಬಂದಿಲ್ಲ. ಇದನ್ನು ನಾನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದರೆ ಚೆನ್ನಾಗಿತ್ತು.

"ತಪ್ಪು ಕವಾಟದ್ದಲ್ಲ, ನೀ ಗಾಡಿ ಹೊಡಿಯೂದರಾಗ ಏನೋ ಐತಿ," ಎಂದೆ.

"ಏನೈತಿ?"

"ಗೇರು... ಕ್ಲಚ್ಚು... ಏನೋ."

ಅವಳು ಗಾಡಿಯನ್ನು ರಸ್ತೆಯ ಬದಿಗೆ ನಿಲ್ಲಿಸಿ ಇಳಿದಳು. "ಬರ್ರಿ. ನೀವ ಹೊಡೀರಿ." ಅಲ್ಲಿಂದ ಸಂಭಾಜಿನಗರದವರೆಗೆ ಶೇಂಗಾ ಸುಲಿದು ತಿನ್ನುತ್ತ ಕೂತಳು. ನನಗೆ ಒಂದು ಕಾಳೂ ಕೊಡಲಿಲ್ಲ. ಆಮೇಲಿನ ಎರಡು ತಿಂಗಳು ಅವಳು ಸ್ಟಿಯರಿಂಗ್ ಮುಟ್ಟಲಿಲ್ಲ, ಮತ್ತು ದೀಪ ಒಮ್ಮೆಯೂ ಹೊತ್ತಲಿಲ್ಲ. ನಾನು ಗೆದ್ದಿದ್ದೆ. ಆದರೆ ಆ ಗೆಲುವಿನ ಸುದ್ದಿ ತೆಗೆಯುವ ಧೈರ್ಯ ನನಗಿರಲಿಲ್ಲ.

ಹೀಗಿರುವಾಗ ಆಗಸ್ಟ್ ಬಂತು. ಸ್ವಾತಂತ್ರ್ಯ ದಿನದಂದು ಕಾಲೋನಿಯ ಮೈದಾನದಲ್ಲಿ ವಾಲಿಬಾಲ್ ಪಂದ್ಯ. ನಾನು ನೆಟ್ಟಿನ ಹತ್ತಿರ ಹಾರಿ ಬಲಭುಜ ಉಳುಕಿಸಿಕೊಂಡೆ. ರಜೆಗೆಂದು ಬಂದಿದ್ದ ಹೆಂಡತಿ ಅರಿಸಿನದ ಪಟ್ಟು ಹಾಕಿದಳು. ಭಾನುವಾರ ಹೊರಡುವಾಗ ಕೀಲಿ ತಾನೇ ತೆಗೆದುಕೊಂಡಳು.

"ಇವತ್ತ ಪೂರಾ ದಾರಿ ನಾನ ಹೊಡೀತೀನಿ. ಅದಕ್ಕ ದಾರಿನೂ ನಂದ. ಚಾಳೀಸಗಾಂವ ಮ್ಯಾಲಿಂದ ಹೋಗೂನು, ಘಾಟ ಹಸರಾಗಿರತೈತಿ."

ಸುತ್ತಿನ ದಾರಿ ಅದು. ಮಾಲೇಗಾಂವ ಹಾದು, ಚಾಳೀಸಗಾಂವಕ್ಕೆ ಬಂದು, ಅಲ್ಲಿಂದ ಘಾಟು ಹತ್ತಿ ಕನ್ನಡ ಎಂಬ ತಾಲೂಕು ಊರಿನ ಮೇಲೆ ಸಂಭಾಜಿನಗರಕ್ಕೆ ಇಳಿಯಬೇಕು. ಮಳೆ ತೊಳೆದ ರಸ್ತೆ, ಎರಡೂ ಕಡೆ ಎದೆಯೆತ್ತರದ ಹತ್ತಿ ಮತ್ತು ಮೆಕ್ಕೆಜೋಳ. ಅವಳು ಅರವತ್ತರ ವೇಗ ಹಿಡಿದು, ಆ ಮುಳ್ಳು ಅಲುಗದಂತೆ ಓಡಿಸುತ್ತಿದ್ದಳು. ಲಾರಿಗಳಿಗೆ ದಾರಿ ಬಿಡುತ್ತಿದ್ದಳು, ಮುಂದಿನ ಬಸ್ಸು ನಿಲ್ಲುವುದನ್ನು ದೂರದಿಂದಲೇ ಕಂಡು ಕಾಲು ತೆಗೆಯುತ್ತಿದ್ದಳು. ನನಗೆ ಒಳಗೊಳಗೇ ಚಡಪಡಿಕೆ. ನಾನಾಗಿದ್ದರೆ ಇಷ್ಟು ಹೊತ್ತಿಗೆ ಹತ್ತು ಲಾರಿ ಹಿಂದೆ ಹಾಕಿರುತ್ತಿದ್ದೆ.

ಚಾಳೀಸಗಾಂವ ಇನ್ನೂ ದೂರವಿರುವಾಗಲೇ ಹೆಲಿಕಾಪ್ಟರ್ ಬಂತು. ಇಬ್ಬರೂ ನೋಡಿದೆವು. ನಾನು ಕಿಟಕಿಯ ಹೊರಗಿನ ಹತ್ತಿಯ ಹೊಲದ ಕಡೆ ತಿರುಗಿದೆ.

ಘಾಟಿನ ಎರಡನೇ ತಿರುವಿನಲ್ಲಿ ಇಂಜಿನ್ನು ಇದ್ದಕ್ಕಿದ್ದಂತೆ ಸೋತಿತು. ಪೆಡಲ್ ಎಷ್ಟು ಒತ್ತಿದರೂ ಎತ್ತಿನ ಗಾಡಿಯ ವೇಗ. ದೋಷ ಪದೇ ಪದೇ ಕಂಡರೆ ಕಂಪ್ಯೂಟರು ಇಂಜಿನ್ನಿನ ಜೀವ ಉಳಿಸಲು ಶಕ್ತಿಯನ್ನು ತಾನೇ ತಗ್ಗಿಸಿಬಿಡುತ್ತದೆ, ಅದು ಗೊತ್ತಿತ್ತು. ಹಿಂದೆ ಲಾರಿಗಳ ಸಾಲು, ಹಾರನ್ನಿನ ಮೇಲೆ ಹಾರನ್ನು. ಮಂಜು ಕವಿದು ಕಣಿವೆಯೇ ಕಾಣುತ್ತಿರಲಿಲ್ಲ. ಅವಳು ಮೊದಲ ಗೇರಿನಲ್ಲಿ, ಕಿಟಕಿಯಿಂದ ಕೈ ಹೊರಗೆ ಮಾಡಿ ಒಬ್ಬೊಬ್ಬರಿಗೂ ಮುಂದೆ ಹೋಗಲು ಸನ್ನೆ ಮಾಡುತ್ತ, ಗಾಡಿಯನ್ನು ಒಮ್ಮೆಯೂ ನಿಲ್ಲಿಸದೆ ಘಾಟು ಹತ್ತಿಸಿದಳು. ಮೇಲೆ ಬಂದಾಗ ಅವಳ ಹಣೆಯ ಮೇಲೆ ಬೆವರಿತ್ತು. "ಚಲೋ ಹೊಡದಿ," ಎಂದೆ. ಅವಳು ತಿರುಗಿ ನೋಡಲಿಲ್ಲ, ಆದರೆ ಶೇಂಗಾದ ಪೊಟ್ಟಣವನ್ನು ನನ್ನ ಕಡೆ ಸರಿಸಿದಳು.

ಕನ್ನಡ ಊರಿನ ಬಸ್ ನಿಲ್ದಾಣ ದಾಟಿ, ಟ್ರಾಕ್ಟರುಗಳು ನಿಂತಿದ್ದ ಒಂದು ತಗಡಿನ ಶೆಡ್ಡಿನ ಮುಂದೆ ನಿಲ್ಲಿಸಿದೆವು. ಅಷ್ಟರಲ್ಲಿ ಗದಗಿನಿಂದ ಅವ್ವನ ಫೋನು.

"ಎಲ್ಲಿ ಅದೀಯೋ?"

"ಕನ್ನಡದಾಗ ಅದೀನಿ, ಅವ್ವ."

"ಅದು ಗೊತ್ತಾತು. ಕನ್ನಡದಾಗ ಮಾತಾಡಾಕತ್ತೀದಿ. ಎಲ್ಲಿ ಅದೀ ಅದನ್ನ ಹೇಳು."

ಊರಿನ ಹೆಸರೇ ಕನ್ನಡ ಎಂದು ಅವಳಿಗೆ ಒಪ್ಪಿಸಲು ಆಗಲಿಲ್ಲ. ಹೆಂಡತಿ ಸ್ಟಿಯರಿಂಗಿಗೆ ಹಣೆ ಹಚ್ಚಿ ನಗುತ್ತಿದ್ದಳು. ಘಾಟಿನ ದಣಿವೆಲ್ಲ ಆ ನಗುವಿನಲ್ಲಿ ಹೋಯಿತು.

ಶೆಡ್ಡಿನ ಮೇಸ್ತ್ರಿ ಅರವತ್ತು ದಾಟಿದ ಮನುಷ್ಯ. ತಲೆಗೆ ಬಿಳಿ ಟೋಪಿ, ಮೂಗಿನ ತುದಿಯಲ್ಲಿ ದಾರ ಕಟ್ಟಿದ ಕನ್ನಡಕ. ಊರಿನವರೆಲ್ಲ ಮಾಮಾ ಎನ್ನುತ್ತಿದ್ದರು, ನಾವೂ ಹಾಗೇ ಕರೆದೆವು. ಅವರ ಕೆಲಸ ಟ್ರಾಕ್ಟರು ಮತ್ತು ನೀರೆತ್ತುವ ಪಂಪುಗಳದು. ನಾನು ಮೊಬೈಲು ಹಿಡಿದು ಅಂಕಿ ತೋರಿಸಿ, ಎಂಟು ತಿಂಗಳಿನ ಕತೆಯನ್ನು ಮರಾಠಿಯಲ್ಲಿ ಹೇಳಿದೆ. ಅವರು ಅಂಕಿಯತ್ತ ಕಣ್ಣು ಹಾಯಿಸಿ, "ನಂಬರ್ ರಾಹೂ ದ್ಯಾ," ಅದು ಹಾಗಿರಲಿ, ಎಂದು ಬಾನೆಟ್ ಎತ್ತಿದರು. ಇಂಜಿನ್ ಚಾಲೂ ಇಡಲು ಹೇಳಿದರು.

ಮೊದಲು ಕವಾಟದ ರಬ್ಬರ್ ನಳಿಕೆ ಬಿಚ್ಚಿ, ತುದಿಯನ್ನು ಬಾಯಲ್ಲಿಟ್ಟು ಗಾಳಿ ಎಳೆದರು. ಕವಾಟದ ಕಡ್ಡಿ ಮೇಲೆದ್ದಿತು. ಕವಾಟ ತೆರೆಯಿತು ಎಂದರ್ಥ. ಆದರೆ ಇಂಜಿನ್ನಿನ ಸದ್ದಿನಲ್ಲಿ ಒಂದಿಷ್ಟೂ ವ್ಯತ್ಯಾಸವಾಗಲಿಲ್ಲ. ಹೊಗೆ ಒಳಬಂದಿದ್ದರೆ ಅದು ತೊದಲಬೇಕಿತ್ತು.

"ದರ್ವಾಜಾ ಉಘಡ್ತೋ, ಪಣ ಕೋಣೀಚ್ ಯೇತ್ ನಾಹೀ," ಎಂದರು. ಬಾಗಿಲು ತೆರೆಯುತ್ತದೆ, ಆದರೆ ಬರುವವರೇ ಇಲ್ಲ.

ಆಮೇಲೆ ಲೋಟದ ನೀರಿನಲ್ಲಿ ಬೆರಳದ್ದಿ, ಇಂಜಿನ್ನಿನ ಹಿಂಬದಿಗೆ ಬಾಗಿ, ಹೊಗೆ ಹೊರಡುವ ಕೊಳವೆಯ ಮೇಲೆ ಎರಡು ಹನಿ ಸಿಡಿಸಿದರು. ಚುರ್ ಎಂದಿತು. ಅಲ್ಲಿಂದ ಕವಾಟಕ್ಕೆ ಬರುವ ಪೈಪಿನ ಮೇಲೆ ಸಿಡಿಸಿದರು. ಹನಿಗಳು ಸುಮ್ಮನೆ ಜಾರಿ ಬಿದ್ದವು.

ನನ್ನ ಭುಜದ ಮೇಲಿಂದ ಇಣುಕುತ್ತಿದ್ದ ಹೆಂಡತಿ, "ಅಯ್ಯ, ಹಂಚು ಕಾದೇ ಇಲ್ಲಲ್ರೀ!" ಎಂದು ಕೂಗಿದಳು. ದೋಸೆ ಹುಯ್ಯುವ ಮುಂಚೆ ಅವಳು ದಿನವೂ ಮಾಡುವ ಪರೀಕ್ಷೆಯೇ ಅದು. ಆಮೇಲೆ ಅದನ್ನೇ ಮರಾಠಿಯಲ್ಲಿ ಹೇಳಿದಳು. ಮಾಮಾಗೆ ಬಹಳ ಖುಷಿಯಾಯಿತು.

"ಬರೋಬರ್, ತಾಯೀ! ಸಾಹೇಬರಿಗಿಂತ ಮೊದಲು ನಿಮಗೆ ತಿಳಿಯಿತು," ಎಂದರು. ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ.

ಪೈಪಿನ ಹಿಂದಿನ ತುದಿ, ಇಂಜಿನ್ನಿಗೂ ಕ್ಯಾಬಿನ್ನಿನ ಗೋಡೆಗೂ ನಡುವಿನ ಇಕ್ಕಟ್ಟಿನಲ್ಲಿತ್ತು. ಗ್ಯಾರೇಜಿನವರು ಬಿಚ್ಚಿದ್ದೆಲ್ಲ ಮುಂದಿನ ತುದಿಯನ್ನು. ಅವರ ಮಾತು ಬಿಡಿ, ನಾನೇ ಒಮ್ಮೆಯಾದರೂ ಅಲ್ಲಿಗೆ ಟಾರ್ಚು ಹಾಕಿರಲಿಲ್ಲ. ಹದಿನೈದು ವರ್ಷ ಬೇರೆಯವರಿಗೆ "ಹಿಂದೆ ನೋಡಿದ್ದೀರಾ?" ಎಂದು ಕೇಳಿದವನು, ನನ್ನ ಕಾರಿನಲ್ಲಿ ಕೈಗೆಟುಕಿದಷ್ಟನ್ನೇ ನೋಡಿ ಮುಗಿಸಿದ್ದೆ. ಮಾಮಾ ಇಂಜಿನ್ ಆರಿಸಿ, ತಣಿಯಲು ಬಿಟ್ಟು, ನಮಗೆ ಚಹಾ ತರಿಸಿದರು. ಆಮೇಲೆ ಬೋಲ್ಟುಗಳಿಗೆ ಡೀಸೆಲ್ ಹನಿಸಿ, ಮೆಲ್ಲಗೆ ತಟ್ಟಿ, ತಟ್ಟಿ ಬಿಚ್ಚಿದರು. ಸಂದು ಮುಚ್ಚಲು ಹಾಕುವ ಎರಡು ಗ್ಯಾಸ್ಕೆಟ್ಟುಗಳ ನಡುವೆ ಸಿಕ್ಕಿಕೊಂಡಿದ್ದ ಒಂದು ಲೋಹದ ಬಿಲ್ಲೆ ಟಣ್ ಎಂದು ನೆಲಕ್ಕೆ ಬಿತ್ತು.

ಪೈಪಿಗೆ ಬೇಕೆಂದೇ ಹಾಕಿದ ಮುಚ್ಚಳ ಅದು. ಗಾಡಿಯ ಹುಚ್ಚಿನ ಹುಡುಗರು, ಹೊಗೆ ಮತ್ತೆ ಒಳಗೆ ಬಂದರೆ ಇಂಜಿನ್ನಿನ ಚುರುಕು ಕಡಿಮೆಯಾಗುತ್ತದೆಂದು ಹೀಗೆ ದಾರಿ ಮುಚ್ಚಿಸುವುದುಂಟು. ಕಾರು ಮಾರಿದ ಆ ತರುಣನ ಕಾಲದ ಪ್ರೋಗ್ರಾಮು ದೀಪ ಹೊತ್ತದಂತೆ ನೋಡಿಕೊಂಡಿತ್ತು. ನಾನು ಮೂಲದ ಪ್ರೋಗ್ರಾಮು ತುಂಬಿಸಿದೆ, ಅದು ಪ್ರಾಮಾಣಿಕವಾಗಿ ವರದಿ ಕೊಡತೊಡಗಿತು.

ಮಾಮಾ ಬಿಲ್ಲೆಯನ್ನು ಎತ್ತಿಕೊಂಡು ಪಾಯಿಜಾಮಕ್ಕೆ ತಿಕ್ಕಿದರು. ನೀಲಿಗಟ್ಟಿದ ಸ್ಟೀಲಿನ ಮೇಲೆ ಚುಕ್ಕಿಚುಕ್ಕಿಯ ಅಕ್ಷರಗಳು ಕಂಡವು. ದೇವನಾಗರಿಯಲ್ಲಿ 'ಸೌ.' ಎಂದಿತ್ತು, ಸೌಭಾಗ್ಯವತಿ ಎಂಬುದರ ಮೊದಲಕ್ಷರ, ಮುಂದೆ ಅರ್ಧ ಕತ್ತರಿಸಿದ ಒಂದಕ್ಷರ.

"ಇದು ಊಟದ ತಾಟು!" ಎಂದಳು ಹೆಂಡತಿ. "ಪಾತ್ರಿ ಅಂಗಡ್ಯಾಗ ಹೆಸರು ಹಾಕಸ್ತಾರಲ್ರಿ, ಅದು. ಯಾರೋ ಮದುವಿಗೆ ಬಂದ ತಾಟು ಕತ್ತರಿಸ್ಯಾರ!"

ಮಾಮಾ ನಕ್ಕ ನಗೆಗೆ ಟ್ರಾಕ್ಟರಿನ ಮೇಲೆ ಕೂತಿದ್ದ ಕಾಗೆ ಹಾರಿತು.

ಮಾಮಾ ಗ್ಯಾಸ್ಕೆಟ್ ಹಾಳೆಯನ್ನು ಪೈಪಿನ ಬಾಯಿಗಿಟ್ಟು ಸುತ್ತಿಗೆಯಿಂದ ಅಂಚು ತಟ್ಟಿ ತಟ್ಟಿ ಹೊಸದೊಂದನ್ನು ಕತ್ತರಿಸಿ ಕೂರಿಸುವಾಗ, ಬಹಳ ದಿನದ ನನ್ನ ಸಂಶಯವನ್ನು ಕೇಳಿಯೇಬಿಟ್ಟೆ. ನಾನು ಓಡಿಸಿದರೆ ಬಾರದ ದೀಪ ಇವಳು ಓಡಿಸಿದರೆ ಮಾತ್ರ ಯಾಕೆ ಬರುತ್ತಿತ್ತು?

ಮಾಮಾ ಕನ್ನಡಕದ ಮೇಲಿನಿಂದ ಇಬ್ಬರನ್ನೂ ನೋಡಿದರು. "ನೀವು ಹೇಗೆ ಓಡಿಸುತ್ತೀರಿ ಸಾಹೇಬ? ಒತ್ತುತ್ತೀರಿ, ಬಿಡುತ್ತೀರಿ, ಮತ್ತೆ ಒತ್ತುತ್ತೀರಿ. ಅಲ್ಲವೇ?"

ನಾನು ಅಲ್ಲ ಎನ್ನುವ ಮುಂಚೆ ಹೆಂಡತಿ ಹೌದು ಎಂದಾಗಿತ್ತು.

"ಜೋರಾಗಿ ಒತ್ತಿದಾಗ ಈ ಕವಾಟಕ್ಕೆ ಕೆಲಸವಿಲ್ಲ, ಮುಚ್ಚಿಕೊಂಡೇ ಇರುತ್ತದೆ. ಗಾಡಿ ಒಂದೇ ಹದದಲ್ಲಿ ಸ್ವಲ್ಪ ಹೊತ್ತು ಓಡಿದರೆ ಆಗ ತೆರೆಯುತ್ತದೆ. ಆಗಲೇ ಕಂಪ್ಯೂಟರು ಹೊಗೆ ಬಂತೋ ಇಲ್ಲವೋ ಎಂದು ನೋಡುವುದು. ತಾಯಿಯ ಕಾಲು ಹಗುರ. ಇವರು ಓಡಿಸಿದಾಗ ಇಂಜಿನ್ನಿಗೆ ತನ್ನ ನೋವು ಹೇಳಿಕೊಳ್ಳಲು ಪುರುಸೊತ್ತು ಸಿಕ್ಕಿತು. ನಿಮ್ಮ ಕೈಯಲ್ಲಿ ಎಲ್ಲಿ ಸಿಗಬೇಕು?"

ನಾನು ಹೆಂಡತಿಯ ಮುಖ ನೋಡಲಿಲ್ಲ. ನೋಡದಿದ್ದರೂ ಅದು ಹೇಗಿದೆ ಎಂದು ಗೊತ್ತಿತ್ತು.

"ತಪ್ಪಾತು," ಎಂದೆ.

"ಜೋರಾಗಿ ಹೇಳ್ರಿ, ಮಾಮಾಗೂ ಕೇಳ್ಲಿ."

"ತಪ್ಪಾತ್ ಮಾರಾಯ್ತಿ, ಎರಡು ತಿಂಗಳ ಶೇಂಗಾ ಸುಲದು ಕೊಡ್ತೀನಿ."

ಅಂಕಿ ಅಳಿಸಿ ಹೊರಟೆವು. ಅಲ್ಲಿಂದ ಸಂಭಾಜಿನಗರದವರೆಗೆ, ಖುಲ್ದಾಬಾದಿನ ಇಳಿಜಾರು ಸೇರಿ, ಅವಳು ಅದೇ ಅರವತ್ತರಲ್ಲಿ ಓಡಿಸಿದಳು. ನಾನು ರಸ್ತೆ ನೋಡುವುದು ಬಿಟ್ಟು ಮೀಟರನ್ನೇ ನೋಡುತ್ತಿದ್ದೆ. ದೀಪ ಹೊತ್ತಲಿಲ್ಲ. ಮುಂದಿನ ಭಾನುವಾರವೂ ಹೊತ್ತಲಿಲ್ಲ, ಅದರ ಮುಂದಿನದೂ ಇಲ್ಲ. ಫೋರ್‌ಮನ್ ಸಾಹೇಬರಿಗೆ ಎಲ್ಲವನ್ನೂ ಹೇಳಿದೆ. ಟೇಪಿನ ಭಾಗ ಬಿಟ್ಟು ಹೇಳಿದ್ದೆ. ಆ ಭಾಗವನ್ನು ಹೆಂಡತಿ ಹೇಳಿದಳು.

ಬಿಲ್ಲೆಯನ್ನು ನಾನು ಎಸೆಯುವವನಿದ್ದೆ. ಹೆಂಡತಿ ಬಿಡಲಿಲ್ಲ. "ಯಾರದೋ ಹೆಸರೈತಿ ಅದರ ಮ್ಯಾಲೆ. ಆ ತಾಯಿ ಎಷ್ಟು ಹುಡುಕ್ಯಾಳೋ ಏನೋ," ಎಂದು ತೊಳೆದು ಪರ್ಸಿನಲ್ಲಿಟ್ಟುಕೊಂಡಳು. ಗಣಪತಿ ಹಬ್ಬದ ರಜೆಯಲ್ಲಿ ನಾಸಿಕಕ್ಕೆ ಹೋದಾಗ, ಕಾರಿನ ಕಾಗದಗಳಲ್ಲಿದ್ದ ವಿಳಾಸ ಹಿಡಿದು ಆ ತರುಣನ ಮನೆಗೆ ಹೋದೆವು. ಗೋದಾವರಿಯ ದಂಡೆಗೆ ಹತ್ತಿರದ ಹಳೆಯ ಓಣಿ. ಬಾಗಿಲು ತೆರೆದವನು ಅವನೇ. ಮದುವೆಯಾಗಿ ಕೊಂಚ ಮೈ ತುಂಬಿಕೊಂಡಿದ್ದ. ಹೆಂಡತಿಯ ಅಂಗೈಯಲ್ಲಿದ್ದ ಬಿಲ್ಲೆ ಕಂಡದ್ದೇ ಕಿವಿಯವರೆಗೆ ಕೆಂಪಾದ.

"ಆಈಲಾ ಸಾಂಗೂ ನಕಾ," ಎಂದು ಪಿಸುಗುಟ್ಟಿದ. ಅಮ್ಮನಿಗೆ ಹೇಳಬೇಡಿ.

ಅಮ್ಮ ಅವನ ಬೆನ್ನ ಹಿಂದೆಯೇ ನಿಂತಿದ್ದರು. ಕೈಯಲ್ಲಿ ಮೋದಕದ ಹಿಟ್ಟು. ಬಿಲ್ಲೆಯನ್ನು ತೆಗೆದುಕೊಂಡು ಬೆಳಕಿಗೆ ಹಿಡಿದರು, ಹಿಟ್ಟಿನ ಬೆರಳಿನಿಂದ ಅಕ್ಷರಗಳನ್ನು ಸವರಿದರು. ತವರಿನವರು ಮದುವೆಗೆ ಕೊಟ್ಟ ಆರು ತಾಟುಗಳಲ್ಲಿ ಒಂದು ಅದು. ಮೂರು ವರ್ಷದ ಹಿಂದೆ ಇದೇ ಹಬ್ಬದಲ್ಲಿ ಕಾಣೆಯಾಗಿತ್ತು. ಆ ದಿನ ಊಟಕ್ಕೆ ಬಂದು ಡಬ್ಬಿ ಕಟ್ಟಿಸಿಕೊಂಡು ಹೋದವಳು ನೆಗೆಣ್ಣಿ, ಗಂಡನ ತಮ್ಮನ ಹೆಂಡತಿ. ಬಾಯಿಬಿಟ್ಟು ಏನೂ ಅಂದಿರಲಿಲ್ಲವಂತೆ. ಆದರೆ ಅಂದಿನಿಂದ ಅವಳನ್ನು ಹಬ್ಬಕ್ಕೆ ಕರೆದಿರಲಿಲ್ಲ.

ಮಗನಿಗೆ ಬೀಳಬೇಕಾದ ಬೈಗುಳ ಬಿತ್ತು. ತಗಡಿನ ಅಂಗಡಿ ಊರಿನಲ್ಲಿ ಇರಲಿಲ್ಲವೇ, ನನ್ನ ತವರಿನ ತಾಟೇ ಬೇಕಿತ್ತೇ ನಿನ್ನ ಗಾಡಿಗೆ ಎಂದು. "ಅದು ಚಲೋ ಸ್ಟೀಲು ಇತ್ತಮ್ಮ, ಕಾವು ತಡೆಯುತ್ತಿತ್ತು," ಎಂದು ಅವನು ಹೇಳಿದ ಸಮಾಧಾನಕ್ಕೆ ಒಳಗಿನಿಂದ ಅವನ ಹೊಸ ಹೆಂಡತಿ ಕೂಡ ನಕ್ಕಳು. ಅವನು ನನ್ನನ್ನು ಮೂಲೆಗೆ ಕರೆದು, ಬಿಲ್ಲೆ ತೆಗೆದ ಮೇಲೆ ಪಿಕಪ್ ಕಡಿಮೆಯಾಯಿತೇ ಎಂದು ಬಹಳ ಕಾಳಜಿಯಿಂದ ಕೇಳಿದ. ಏನೂ ಆಗಿಲ್ಲ ಎಂದೆ. ಅವನಿಗೆ ನಂಬಿಕೆ ಬರಲಿಲ್ಲ.

ಅಮ್ಮ ನಮ್ಮನ್ನು ಕೂರಿಸಿ ಬಿಸಿ ಮೋದಕ ಕೊಟ್ಟರು, ತುಪ್ಪ ಸುರಿದು. ಆಮೇಲೆ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಫೋನು ಕೈಗೆತ್ತಿಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತರು. ಕೊನೆಗೆ ಒತ್ತಿದರು.

"ಹಾಂ, ಮೀ ಬೋಲತೇಯ," ಎಂದರು, ನಾನು ಮಾತಾಡುತ್ತಿರುವುದು ಎಂದು. "ನಾಳೆ ಎಲ್ಲರೂ ಊಟಕ್ಕೆ ಬನ್ನಿ. 'ವಿಶೇಷವೇನು' ಎಂದರೆ... ವಿಶೇಷವೇನೂ ಇಲ್ಲ. ಹಬ್ಬ ಅಲ್ಲವೇ." ಆ ಕಡೆಯಿಂದ ಏನೋ ಕೇಳಿದರು. ಇವರು ನಮ್ಮ ಕಡೆ ಬೆನ್ನು ತಿರುಗಿಸಿ, ದನಿ ತಗ್ಗಿಸಿ, "ನೀನು ಮಾಡುವ ಆ ಹೆಸರುಬೇಳೆ ಕೋಸಂಬರಿ ಇದೆಯಲ್ಲ, ಅದನ್ನು ಮಾಡಿಕೊಂಡು ಬಾ. ಮೂರು ವರ್ಷವಾಯಿತು ತಿಂದು," ಎಂದರು.